ನಡುಗಡಲಲ್ಲಿದ್ದವರ ಸುದ್ದಿ ಮನೆ ಮುಟ್ಟುವ ಬಗೆ

ಬಂದರು ಬಿಟ್ಟ ಕ್ರೂಸ್ ಹಡಗಿನಲ್ಲಿ ಮೊಬೈಲ್ ಸಿಗ್ನಲ್ ಹೆಚ್ಚು ಹೊತ್ತು ಉಳಿಯುವುದಿಲ್ಲ. ದಡದ ಟವರುಗಳನ್ನು ನಿಲ್ಲಿಸಿರುವುದು ಊರಿಗೆ ಮತ್ತು ರಸ್ತೆಗೆ. ಸಮುದ್ರದ ಕಡೆಗೆ ಹರಿಯುವುದು ಅವುಗಳ ಅಂಚಿನ ಅಲೆ ಮಾತ್ರ. ಹಳೆಯ ಜಿಎಸ್‌ಎಂ ವ್ಯವಸ್ಥೆಯಲ್ಲಂತೂ ಟವರು ಎಷ್ಟೇ ಎತ್ತರವಿದ್ದರೂ ಸಾಮಾನ್ಯವಾಗಿ 35 ಕಿಲೋಮೀಟರ್ ಆಚೆಗಿರುವ ಫೋನಿನ ಜೊತೆ ಅದು ವ್ಯವಹರಿಸಲಾರದು. ದೊಡ್ಡ ಕ್ರೂಸ್ ಹಡಗಿನ ವೇಗ 18ರಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 35 ಕಿಲೋಮೀಟರ್. ಮುಂಬೈಯಲ್ಲಿ ಸಂಜೆ ಹಡಗು ಹತ್ತಿದವರು ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಫೋನು ಮೂಕವಾಗಿರುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಪರದೆಯ ಮೇಲೆ ಸಿಗ್ನಲ್ ಕಡ್ಡಿಗಳು ಮತ್ತೆ ಕಾಣಿಸಿಕೊಳ್ಳುವುದುಂಟು. ಜೊತೆಗೆ ‘ಸೆಲ್ಯುಲರ್ ಅಟ್ ಸೀ’ ಎಂದೋ ‘ಟೆಲಿನಾರ್ ಮ್ಯಾರಿಟೈಮ್’ ಎಂದೋ ಹೊಸ ಹೆಸರು. ಹಡಗಿನೊಳಗೇ ಅಳವಡಿಸಿದ ಪುಟ್ಟ ಟವರುಗಳ ನೆಟ್‌ವರ್ಕ್ ಇದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ಹಡಗಿನವರು ಅದನ್ನು ಚಾಲೂ ಮಾಡುತ್ತಾರೆ. ಅದರಲ್ಲಿ ಆಡಿದ ಮಾತು ಉಪಗ್ರಹದ ಮೂಲಕ ನೆಲ ಸೇರುತ್ತದೆ. ಪ್ರಯಾಣಿಕರು ಹೆಚ್ಚಾಗಿ ಕೈಸುಟ್ಟುಕೊಳ್ಳುವುದು ಇಲ್ಲಿಯೇ. ದೇಶಗಳ ಹೆಸರು ಹೇಳಿ ಮಾರುವ ರೋಮಿಂಗ್ ಪ್ಯಾಕ್ ಈ ನೆಟ್‌ವರ್ಕಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸಿಂಗಪುರಕ್ಕೆಂದು ಪ್ಯಾಕ್ ಹಾಕಿಸಿಕೊಂಡವರು ಸಿಂಗಪುರದಿಂದಲೇ ಹೊರಟ ಹಡಗಿನಲ್ಲಿ ಅದನ್ನೇ ನಂಬಿ ಕೂತರೆ, ಜೇಬಿನಲ್ಲಿದ್ದ ಫೋನು ತನ್ನಷ್ಟಕ್ಕೆ ಆ್ಯಪ್‌ಗಳನ್ನು ಹೊಸದು ಮಾಡಿಕೊಂಡು, ಫೋಟೋಗಳನ್ನು ಬ್ಯಾಕಪ್ ಮಾಡಿಕೊಂಡು, ಊರಿಗೆ ಮರಳಿದ ಮೇಲೆ ಸಾವಿರಾರು ರೂಪಾಯಿಯ ಬಿಲ್ ಮುಂದಿಡುತ್ತದೆ. ಹಡಗು ಬಂದರು ಬಿಡುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈ-ಫೈ ಒಂದನ್ನೇ ಚಾಲೂ ಮಾಡಿಕೊಳ್ಳಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ನಡುಗಡಲಿನಿಂದ ಮನೆಗೆ ಸುದ್ದಿ ಕಳಿಸುವ ಆಸೆ ನಿಸ್ತಂತು ತಂತ್ರಜ್ಞಾನದಷ್ಟೇ ಹಳೆಯದು. 1899ರ ನವೆಂಬರಿನಲ್ಲಿ ಮಾರ್ಕೋನಿ ನ್ಯೂಯಾರ್ಕಿನಿಂದ ಇಂಗ್ಲೆಂಡಿಗೆ ಮರಳುವಾಗ ಸೇಂಟ್ ಪಾಲ್ ಎಂಬ ಹಡಗಿನಲ್ಲಿ ತನ್ನ ಯಂತ್ರ ಹೂಡಿ, ವೈಟ್ ದ್ವೀಪದ ಕೇಂದ್ರದಿಂದ ಬಂದ ಸುದ್ದಿಗಳನ್ನು ಹಡಗಿನಲ್ಲೇ ಒಂದು ಪುಟ್ಟ ಪತ್ರಿಕೆಯಾಗಿ ಅಚ್ಚು ಹಾಕಿಸಿದ. ಕೆಲವೇ ವರ್ಷಗಳಲ್ಲಿ ಅಟ್ಲಾಂಟಿಕ್ ದಾಟುವ ದೊಡ್ಡ ಹಡಗುಗಳಲ್ಲೆಲ್ಲ ಮಾರ್ಕೋನಿ ಕೋಣೆ ಬಂತು. ಅಲ್ಲಿ ಕೂರುತ್ತಿದ್ದ ತಂತಿ ನೌಕರರು ಮಾರ್ಕೋನಿ ಕಂಪನಿಯವರು. ಅವರ ಮುಖ್ಯ ದುಡಿಮೆ ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ದಡಕ್ಕೆ ಕಳಿಸುವುದು. ಟೈಟಾನಿಕ್‌ನಲ್ಲಿ ಮೊದಲ ಹತ್ತು ಪದಗಳಿಗೆ 12 ಶಿಲ್ಲಿಂಗ್ 6 ಪೆನ್ಸ್, ಮುಂದಿನ ಪ್ರತಿ ಪದಕ್ಕೆ 9 ಪೆನ್ಸ್ ದರವಿತ್ತು. ಅಷ್ಟು ದುಬಾರಿಯಾದರೂ ಸಿರಿವಂತ ಪ್ರಯಾಣಿಕರು ಸಾಲುಗಟ್ಟಿ ಕುಶಲ ಸಮಾಚಾರ ಬರೆದುಕೊಡುತ್ತಿದ್ದರು.

1912ರ ಏಪ್ರಿಲ್ 14ರ ರಾತ್ರಿ ಈ ದಂಧೆಯ ಅಪಾಯ ಬಯಲಾಯಿತು. ಹಿಂದಿನ ರಾತ್ರಿ ಯಂತ್ರ ಕೆಟ್ಟು ರಿಪೇರಿಯಾಗಿತ್ತು, ಕಳಿಸಬೇಕಾದ ಸಂದೇಶಗಳು ರಾಶಿ ಬಿದ್ದಿದ್ದವು. ಟೈಟಾನಿಕ್‌ನ ತಂತಿ ನೌಕರ ಜಾಕ್ ಫಿಲಿಪ್ಸ್ ಅವನ್ನು ನ್ಯೂಫೌಂಡ್‌ಲ್ಯಾಂಡಿನ ಕೇಪ್ ರೇಸ್ ಕೇಂದ್ರಕ್ಕೆ ಒಂದೊಂದಾಗಿ ಬಡಿಯುತ್ತ ಕೂತಿದ್ದ. ಹತ್ತಿರದಲ್ಲೇ ಮಂಜಿನ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ತಂತಿ ನೌಕರ ಎಚ್ಚರಿಕೆ ಕೊಡಲು ಬಂದಾಗ, ಕೆಲಸ ಕೆಡಿಸಬೇಡ ಎಂಬರ್ಥದಲ್ಲಿ ಅವನ ಬಾಯಿ ಮುಚ್ಚಿಸಿದ. ಕ್ಯಾಲಿಫೋರ್ನಿಯನ್‌ನ ನೌಕರ ಯಂತ್ರ ನಿಲ್ಲಿಸಿ ಮಲಗಿದ; ಸ್ವಲ್ಪ ಹೊತ್ತಿನಲ್ಲಿ ಟೈಟಾನಿಕ್ ನೀರ್ಗಲ್ಲಿಗೆ ಬಡಿಯಿತು. ಫಿಲಿಪ್ಸ್ ಕೊನೆಯವರೆಗೂ ಅಪಾಯದ ಕರೆ ಕಳಿಸುತ್ತಲೇ ಇದ್ದು ಹಡಗಿನೊಂದಿಗೆ ಹೋದವನು, ಅವನೊಬ್ಬನನ್ನು ದೂರಿ ಫಲವಿಲ್ಲ. ದೋಷವಿದ್ದದ್ದು ಮನೆಯ ಮಾತಿಗೂ ಪ್ರಾಣದ ಮಾತಿಗೂ ಒಂದೇ ದಾರಿ ಇಟ್ಟಿದ್ದ ಏರ್ಪಾಟಿನಲ್ಲಿ. ಈಗ ಎರಡೂ ಬೇರೆ. ಅಪಾಯದ ಕರೆಗಾಗಿ ಜಾಗತಿಕ ಸಾಗರ ಸಂಕಟ ಮತ್ತು ಸುರಕ್ಷಾ ವ್ಯವಸ್ಥೆ ಇದೆ, 1999ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಯಲ್ಲಿದೆ. ಪ್ರಯಾಣಿಕರ ವೈ-ಫೈ ಮೂರು ದಿನ ಸತ್ತು ಬಿದ್ದರೂ ಕ್ಯಾಪ್ಟನ್ನಿನ ಕೈಯಲ್ಲಿ ದಡ ತಲುಪುವ ಬೇರೆ ದಾರಿಗಳು ತೆರೆದೇ ಇರುತ್ತವೆ. ‘ಎರಡು ದಿನದಿಂದ ಮೆಸೇಜ್ ಇಲ್ಲ’ ಎಂದು ಕಂಗಾಲಾಗುವ ಮನೆಯವರು ತಿಳಿದಿರಬೇಕಾದ ಮೊದಲ ಸಂಗತಿ ಇದು.

ತಂತಿಯ ನಂತರ ದನಿ ಬಂತು. 1929ರಲ್ಲಿ ಲೆವಯಥನ್ ಎಂಬ ಅಮೆರಿಕನ್ ಹಡಗಿನಿಂದ ಪ್ರಯಾಣಿಕರು ದುಡ್ಡು ಕೊಟ್ಟು ದಡಕ್ಕೆ ಫೋನ್ ಮಾಡುವಂತಾಯಿತು. ಮುಂದಿನ ಅರ್ಧ ಶತಮಾನ ಶಾರ್ಟ್‌ವೇವ್ ರೇಡಿಯೋದ್ದು. ಇಂಗ್ಲೆಂಡಿನ ಸಾಮರ್ಸೆಟ್ ಕಡಲತೀರದಲ್ಲಿದ್ದ ಪೋರ್ಟಿಸ್‌ಹೆಡ್ ರೇಡಿಯೋದಂಥ ಕೇಂದ್ರಗಳು ಸಾವಿರಾರು ಮೈಲಿ ದೂರದ ಹಡಗುಗಳ ಕರೆಯನ್ನು ಹಿಡಿದು ಊರಿನ ಟೆಲಿಫೋನಿಗೆ ಜೋಡಿಸುತ್ತಿದ್ದವು. ಮೊದಲೇ ಹೆಸರು ಬರೆಸಿ, ಸರದಿ ಕಾದು, ಗೊರಗೊರ ಸದ್ದಿನ ನಡುವೆ ಮಾತಾಡಬೇಕಿತ್ತು. ಶಾರ್ಟ್‌ವೇವ್ ರೇಡಿಯೋ ಇದ್ದ ಯಾರು ಬೇಕಾದರೂ ಆ ಮಾತನ್ನು ಕದ್ದು ಕೇಳಬಹುದಿತ್ತು. ಗಂಡ ಹೆಂಡಿರ ಮುನಿಸು, ಸಾಲದ ಲೆಕ್ಕ ಎಲ್ಲವೂ ಗಾಳಿಯಲ್ಲೇ. ಪೋರ್ಟಿಸ್‌ಹೆಡ್ ಕೇಂದ್ರ 2000ದಲ್ಲಿ ಬಾಗಿಲು ಹಾಕಿತು, ಏಕೆಂದರೆ ಅಷ್ಟರಲ್ಲಿ ಉಪಗ್ರಹ ಅದರ ಕೆಲಸವನ್ನು ಕಿತ್ತುಕೊಂಡಿತ್ತು.

ಹಡಗುಗಳಿಗೆಂದೇ ಮೊದಲ ಸಂಪರ್ಕ ಉಪಗ್ರಹ ಮ್ಯಾರಿಸ್ಯಾಟ್ ಹಾರಿದ್ದು 1976ರಲ್ಲಿ. 1979ರಲ್ಲಿ ಇನ್‌ಮಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಇವೆಲ್ಲ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುವ ಉಪಗ್ರಹಗಳು. ಅಷ್ಟು ದೂರ ಹೋಗಿ ಬರಲು ಬೆಳಕಿನ ವೇಗಕ್ಕೂ ಕಾಲು ಸೆಕೆಂಡ್ ಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು. ‘ಹಲೋ’ ಎಂದು ಉತ್ತರ ಬರಲಿಲ್ಲವೆಂದು ಮತ್ತೊಮ್ಮೆ ‘ಹಲೋ’ ಎನ್ನುವಷ್ಟರಲ್ಲಿ ಮೊದಲ ‘ಹಲೋ’ದ ಉತ್ತರ ಅದರ ಮೇಲೆ ಬಂದು ಬೀಳುತ್ತದೆ. 2014ರ ಸುಮಾರಿಗೆ ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ಆಫ್ ದ ಸೀಸ್ ಹಡಗು ಸುಮಾರು 8,000 ಕಿಲೋಮೀಟರ್ ಎತ್ತರದ ಓ3ಬಿ ಉಪಗ್ರಹಗಳನ್ನು ಬಳಸತೊಡಗಿತು, ವಿಳಂಬ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು. 2022ರಲ್ಲಿ ಅದೇ ಕಂಪನಿ ಸ್ಟಾರ್‌ಲಿಂಕ್‌ಗೆ ಬದಲಾಗುವುದಾಗಿ ಘೋಷಿಸಿತು. ಇತರ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಸ್ಟಾರ್‌ಲಿಂಕ್ ಉಪಗ್ರಹಗಳು ಇರುವುದು ಸುಮಾರು 550 ಕಿಲೋಮೀಟರ್ ಮೇಲೆ. ಅಟ್ಲಾಂಟಿಕ್ ನಡುವಿನಿಂದ ಮಾಡಿದ ವೀಡಿಯೋ ಕರೆ ಪಕ್ಕದ ಬೀದಿಯಿಂದ ಬಂದಂತೆ ಕೇಳಿಸಲು ಕಾರಣ ಈ ಎತ್ತರದ ಇಳಿಕೆಯೇ.

ಹಾಗೆಂದು ಸಂಪರ್ಕ ಸದಾ ಸಲೀಸು ಎಂದಲ್ಲ. ಹಡಗಿನ ಮೇಲ್ತುದಿಯಲ್ಲಿ ಕಾಣುವ ಬಿಳಿ ಗುಮ್ಮಟಗಳೊಳಗೆ ತಟ್ಟೆ ಆಂಟೆನಾಗಳಿರುತ್ತವೆ. ಹಡಗು ಎಷ್ಟೇ ಹೊಯ್ದಾಡಿದರೂ ಮೋಟಾರುಗಳು ಅವನ್ನು ಉಪಗ್ರಹದತ್ತಲೇ ತಿರುಗಿಸಿ ಹಿಡಿಯುತ್ತವೆ. ಹಡಗು ದಿಕ್ಕು ಬದಲಿಸಿದಾಗ ಅದರದೇ ಚಿಮಣಿ ಅಡ್ಡ ಬಂದರೆ ಸಂಪರ್ಕ ತುಂಡಾಗುತ್ತದೆ. ಜಡಿಮಳೆಯಲ್ಲಿ ಅಲೆಯ ಬಲ ಕುಂದುತ್ತದೆ. ನಾರ್ವೆಯ ಫಿಯೋರ್ಡುಗಳಲ್ಲಿ ಎರಡೂ ಬದಿಯ ಬೆಟ್ಟಗಳು ಆಕಾಶವನ್ನೇ ಕಿರಿದು ಮಾಡುತ್ತವೆ. ಸ್ವಾಲ್ಬಾರ್ಡಿನಂಥ ಧ್ರುವದ ನೆರೆಗೆ ಹೋದರೆ ಭೂಮಧ್ಯರೇಖೆಯ ಮೇಲಿನ ಉಪಗ್ರಹ ದಿಗಂತಕ್ಕೆ ಅಂಟಿಕೊಂಡಂತಾಗಿ ಸಿಗುವುದೇ ಕಷ್ಟ. ಇನ್ನು ಜನಸಂಖ್ಯೆಯ ಮಾತು. 2024ರ ಜನವರಿಯಲ್ಲಿ ಸಂಚಾರ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಹಡಗಿನಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ಬಂದರಿಲ್ಲದ ದಿನ ಮಧ್ಯಾಹ್ನ ಇವರೆಲ್ಲ ಒಟ್ಟಿಗೆ ಫೋನು ಹಿಡಿದರೆ ಯಾವ ಉಪಗ್ರಹವೂ ತಿಣುಕಬೇಕು. ಹಡಗು ಬಂದರಿನಲ್ಲಿದ್ದು ಜನ ಊರು ನೋಡಲು ಇಳಿದ ಹೊತ್ತು, ಇಲ್ಲವೇ ಬೆಳಗಿನ ಜಾವ, ಕರೆ ಮಾಡಲು ಒಳ್ಳೆಯ ಸಮಯ.

ಕಾನೂನಿನ ಗೆರೆಯೂ ಇದೆ. ಒಂದು ದೇಶದ ಕಡಲಿನೊಳಗೆ ಬಂದ ಹಡಗು ಆ ದೇಶದ ದೂರಸಂಪರ್ಕ ನಿಯಮಕ್ಕೆ ಒಳಪಡುತ್ತದೆ. ಭಾರತದಲ್ಲಿ 2018ರ ಡಿಸೆಂಬರಿನಲ್ಲಿ ವಿಮಾನ ಮತ್ತು ಹಡಗುಗಳ ಸಂಪರ್ಕಕ್ಕೆಂದೇ ನಿಯಮಗಳು ಬಂದವು; ಪರವಾನಗಿ ಪಡೆದ ಸಂಸ್ಥೆಗಳ ಮೂಲಕ ಭಾರತೀಯ ಜಲಸೀಮೆಯಲ್ಲೂ ಹಡಗಿನೊಳಗೆ ಇಂಟರ್‌ನೆಟ್ ಕೊಡಲು ದಾರಿಯಾಯಿತು. ದುಬೈಯಲ್ಲಿ ಇಳಿದವರಿಗೆ ಬೇರೆ ತೊಡಕು: ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆಗೆ ನಿರ್ಬಂಧ. ಚೀನಾದಲ್ಲಿ ವಾಟ್ಸಾಪ್ ಪೂರ್ತಿ ಬಂದ್. ಹಾಗಾದರೆ ಸ್ವಂತದ್ದೊಂದು ಸ್ಯಾಟಲೈಟ್ ಫೋನ್ ಒಯ್ದರಾಗದೇ ಎಂದುಕೊಳ್ಳುವವರು ಭಾರತಕ್ಕೆ ಅದನ್ನು ಅನುಮತಿಯಿಲ್ಲದೆ ತರುವುದು ಅಪರಾಧ ಎಂಬುದನ್ನು ಮರೆಯಬಾರದು. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ವಶವಾದ ಪ್ರಕರಣಗಳಿವೆ.

ಹಡಗಿನ ವೈ-ಫೈ ಉಚಿತವಾಗಿರುವುದು ಕಡಿಮೆ. ದೊಡ್ಡ ಅಂತರರಾಷ್ಟ್ರೀಯ ಕಂಪನಿಗಳಲ್ಲಿ ಒಂದು ಸಾಧನಕ್ಕೆ ದಿನಕ್ಕೆ ಸುಮಾರು 15ರಿಂದ 30 ಡಾಲರ್ ಬೀಳುತ್ತದೆ. ಹತ್ತುವ ಮೊದಲೇ ಕೊಂಡರೆ ಸೋವಿ. ಬರೀ ಸಂದೇಶಕ್ಕೆ ಸಾಕಾಗುವ ಅಗ್ಗದ ಪ್ಯಾಕೇಜು, ವೀಡಿಯೋ ಕರೆಗೂ ಆಗುವ ದುಬಾರಿ ಪ್ಯಾಕೇಜು ಎಂದು ಭೇದವಿರುತ್ತದೆ. ನಾಲ್ವರ ಸಂಸಾರ ನಾಲ್ಕು ಪ್ಯಾಕೇಜು ಕೊಳ್ಳಬೇಕಿಲ್ಲ. ಒಂದೇ ಖಾತೆಯನ್ನು ಒಬ್ಬರು ಲಾಗೌಟ್ ಆದ ಮೇಲೆ ಇನ್ನೊಬ್ಬರು ಬಳಸಲು ಅನೇಕ ಕಂಪನಿಗಳು ಬಿಡುತ್ತವೆ. ಪ್ಯಾಕೇಜಿಗಿಂತ ಹೆಚ್ಚು ಜನ ಪೇಚಾಡುವುದು ಒಟಿಪಿಗಾಗಿ. ಫೋನು ಏರೋಪ್ಲೇನ್ ಮೋಡ್‌ನಲ್ಲಿದ್ದಾಗ ಬ್ಯಾಂಕಿನ ಎಸ್‌ಎಂಎಸ್ ಬರುವ ಭರವಸೆಯಿಲ್ಲ. ಕರೆಂಟ್ ಬಿಲ್ಲು, ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಎಲ್ಲವನ್ನೂ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ. ವಾಟ್ಸಾಪನ್ನು ಹೊಸ ಫೋನಿಗೆ ಬದಲಿಸುವ ಸಾಹಸವನ್ನೂ ನಡುಗಡಲಲ್ಲಿ ಮಾಡಬಾರದು, ಅದಕ್ಕೂ ಎಸ್‌ಎಂಎಸ್ ಬೇಕು.

ಹಡಗಿನಲ್ಲಿರುವವರು ತಮ್ಮತಮ್ಮೊಳಗೇ ತಪ್ಪಿಸಿಕೊಳ್ಳುವುದು ಇನ್ನೊಂದು ಕಥೆ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಹತ್ತು ಹದಿನೈದು ಜನ ಒಟ್ಟಿಗೆ ಹೊರಡುವ ಭಾರತೀಯ ಕುಟುಂಬಗಳಿಗೆ ಇದು ದಿನನಿತ್ಯದ ಪೀಕಲಾಟ. ಹಡಗು ಎಂದರೆ ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಜಾತ್ರೆ. ಜೊತೆಗೆ ಒಡಲೆಲ್ಲ ಉಕ್ಕು. ಮಕ್ಕಳ ವಾಕಿಟಾಕಿ ನಾಲ್ಕು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಈಗ ಬಹುತೇಕ ಕಂಪನಿಗಳ ಆ್ಯಪ್ ಇಂಟರ್‌ನೆಟ್ ಪ್ಯಾಕೇಜಿಲ್ಲದೆಯೂ ಹಡಗಿನ ವೈ-ಫೈಯಲ್ಲಿ ಕೆಲಸ ಮಾಡುತ್ತದೆ, ಅದರಲ್ಲೇ ಪರಸ್ಪರ ಚಾಟ್ ಮಾಡಬಹುದು. ಕೆಲವರು ಅದಕ್ಕೆ ಚಿಕ್ಕದೊಂದು ಶುಲ್ಕ ಕೇಳುತ್ತಾರೆ. ಪ್ರಿನ್ಸೆಸ್ ಕಂಪನಿ 2017ರಲ್ಲಿ ರೀಗಲ್ ಪ್ರಿನ್ಸೆಸ್ ಹಡಗಿನಿಂದ ಶುರುಮಾಡಿ ನಾಣ್ಯದ ಗಾತ್ರದ ಮೆಡಾಲಿಯನ್ ಒಂದನ್ನು ಪ್ರಯಾಣಿಕರ ಕೊರಳಿಗೋ ಕೈಗೋ ಕಟ್ಟುತ್ತಿದೆ. ಅದು ಕೋಣೆಯ ಬೀಗ ತೆರೆಯುತ್ತದೆ, ಮನೆಯವರು ಯಾವ ಅಂತಸ್ತಿನಲ್ಲಿದ್ದಾರೆ ಎಂದೂ ತೋರಿಸುತ್ತದೆ. ಹದಿಹರೆಯದವರಿಗೆ ಇದು ಎಷ್ಟು ಇಷ್ಟವೋ ಬೇರೆ ಮಾತು.

ಆ್ಯಪ್ ಒಗ್ಗದ ಹಿರಿಯರಿಗೆ ಹಳೆಯ ಉಪಾಯಗಳೇ ವಾಸಿ. ಕೋಣೆಯಿಂದ ಕೋಣೆಗೆ ಇಂಟರ್‌ಕಾಮ್ ಉಚಿತ. ಕೋಣೆಯ ಬಾಗಿಲುಗಳು ಸಾಮಾನ್ಯವಾಗಿ ಉಕ್ಕಿನವು, ಅಯಸ್ಕಾಂತ ಅಂಟುತ್ತದೆ. ‘ಈಜುಕೊಳದ ಹತ್ತಿರ ಇದ್ದೇವೆ, ಏಳಕ್ಕೆ ಊಟ’ ಎಂಬ ಚೀಟಿ ಅಂಟಿಸಿಟ್ಟರೆ ಚಾರ್ಜ್ ಮುಗಿಯುವ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯ ಮಸ್ಟರ್ ಸ್ಟೇಷನ್, ಅಂದರೆ ಅಪಾಯದ ಸೈರನ್ ಕೂಗಿದಾಗ ಸೇರಬೇಕಾದ ಜಾಗ. ಅದರ ಗುರುತು ಪ್ರತಿಯೊಬ್ಬರ ಕಾರ್ಡಿನ ಮೇಲೆ ಅಚ್ಚಾಗಿರುತ್ತದೆ. ಚಿಕ್ಕ ಮಕ್ಕಳ ಕೈಪಟ್ಟಿಯ ಮೇಲೂ ಬರೆದಿರುವುದುಂಟು. ಸೈರನ್ ಕೂಗಿದಾಗ ಅಪ್ಪ ಅಮ್ಮ ಮಗುವನ್ನು ಹುಡುಕುತ್ತ ಅಂತಸ್ತು ಹತ್ತಿ ಇಳಿಯಬಾರದು. ಮಕ್ಕಳ ಕ್ಲಬ್ಬಿನಲ್ಲಿರುವ ಮಗುವನ್ನು ಸಿಬ್ಬಂದಿಯೇ ನೋಡಿಕೊಳ್ಳುವ ಏರ್ಪಾಟು ಇರುತ್ತದೆ. ಅದು ಹೇಗೆ, ಮಗು ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು.

ಊರಿನಲ್ಲಿ ಉಳಿದವರ ಕೈಗೆ ಸಿಗುವ ಸುಲಭದ ಸಾಧನ ಹಡಗಿನ ನಕಾಶೆ. ಎಲ್ಲ ಪ್ರಯಾಣಿಕ ಹಡಗುಗಳೂ ತಮ್ಮ ಹೆಸರು, ಸ್ಥಾನ, ವೇಗ, ದಿಕ್ಕುಗಳನ್ನು ಎಐಎಸ್ ಎಂಬ ರೇಡಿಯೋ ಸಾಧನದಿಂದ ಬಿತ್ತರಿಸುತ್ತಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲೆಂದು ಹುಟ್ಟಿದ ಈ ವ್ಯವಸ್ಥೆಯ ಮಾಹಿತಿಯನ್ನು ಮರೀನ್‌ಟ್ರಾಫಿಕ್, ವೆಸೆಲ್‌ಫೈಂಡರ್, ಕ್ರೂಸ್‌ಮ್ಯಾಪರ್ ಮುಂತಾದವು ನಕಾಶೆಯ ಮೇಲೆ ತೋರಿಸುತ್ತವೆ. ದಡದ ರಿಸೀವರುಗಳಿಗೆ ಕೇಳಿಸುವುದು ಕರಾವಳಿಯಿಂದ ಹತ್ತಾರು ಮೈಲಿಗಳವರೆಗೆ. ಆಚೆಗಿನದನ್ನು ಉಪಗ್ರಹ ಹಿಡಿಯಬೇಕು, ಅದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಉಚಿತ ನಕಾಶೆಯಲ್ಲಿ ಹಡಗು ಅರಬ್ಬೀ ಸಮುದ್ರದ ನಡುವೆ ನಿಂತುಹೋದಂತೆ, ಕೊನೆಯ ಸಂಕೇತ ನಿನ್ನೆಯದೆಂಬಂತೆ ಕಂಡರೆ ರಿಸೀವರಿಗೆ ಕೇಳಿಸುತ್ತಿಲ್ಲ ಎಂದಷ್ಟೇ ಅರ್ಥ. ಕಡಲ್ಗಳ್ಳರ, ದಾಳಿಯ ಭಯವಿರುವ ಕಡೆ ಕ್ಯಾಪ್ಟನ್ ಬೇಕೆಂದೇ ಎಐಎಸ್ ಆರಿಸಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. 2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ದಾಳಿ ಶುರುವಾದ ಮೇಲೆ ಅನೇಕ ಕ್ರೂಸ್ ಹಡಗುಗಳು ಆ ದಾರಿಯನ್ನೇ ಬಿಟ್ಟು ಆಫ್ರಿಕಾ ಸುತ್ತಿ ಹೋದವು.

ಮನೆಯಲ್ಲಿ ಸಾವು ನೋವು ಸಂಭವಿಸಿ ಹಡಗಿನಲ್ಲಿರುವವರಿಗೆ ತುರ್ತಾಗಿ ತಿಳಿಸಬೇಕಾದಾಗ ವಾಟ್ಸಾಪನ್ನೇ ನೆಚ್ಚಿ ಕೂರಬಾರದು. ಪ್ಯಾಕೇಜು ಕೊಳ್ಳದವರಿಗೆ ಆ ಸಂದೇಶ ಮುಂದಿನ ಬಂದರಿನವರೆಗೆ ಮುಟ್ಟುವುದೇ ಇಲ್ಲ. ಪ್ರತಿ ಕಂಪನಿಗೂ ದಡದಲ್ಲೊಂದು ತುರ್ತು ದೂರವಾಣಿ ಇರುತ್ತದೆ. ಅವರು ಹಡಗಿನ ಸ್ವಾಗತ ಕಚೇರಿಗೆ ವಿಷಯ ಮುಟ್ಟಿಸುತ್ತಾರೆ, ಅಲ್ಲಿಂದ ಸಿಬ್ಬಂದಿ ಕೋಣೆಗೇ ಹೋಗಿ ಹೇಳುತ್ತಾರೆ. ಇನ್‌ಮಾರ್‌ಸ್ಯಾಟ್ ಇರುವ ಹಡಗಿಗೆ 870 ಎಂಬ ಕೋಡ್ ಹಾಕಿ ನೇರ ಕರೆಯೂ ಮಾಡಬಹುದು, ದರ ಮಾತ್ರ ಎದೆ ಒಡೆಸುವಂಥದ್ದು. ಯಾವ ದಾರಿಯಲ್ಲಾದರೂ ಹಡಗಿನ ಪೂರ್ತಿ ಹೆಸರು, ಹೊರಟ ದಿನ, ಪಾಸ್‌ಪೋರ್ಟಿನಲ್ಲಿರುವಂತೆ ಪ್ರಯಾಣಿಕರ ಹೆಸರು, ಬುಕಿಂಗ್ ಸಂಖ್ಯೆ, ಕೋಣೆಯ ಸಂಖ್ಯೆ ಕೇಳುತ್ತಾರೆ. ‘ಕ್ರೂಸಿಗೆ ಹೋಗಿದ್ದಾರೆ, ಸೀಸ್ ಅಂತ ಏನೋ ಹೆಸರು’ ಎಂದರೆ ಉಪಯೋಗವಿಲ್ಲ. ‘ಆಫ್ ದ ಸೀಸ್’ ಎಂದು ಮುಗಿಯುವ ಹಡಗುಗಳೇ ಎರಡು ಡಜನ್‌ಗಿಂತ ಹೆಚ್ಚಿವೆ. ಪ್ರವಾಸದ ಕಾಗದಗಳ ಒಂದು ಪ್ರತಿ ಮನೆಯಲ್ಲಿರಲಿ.

ಸುದ್ದಿ ಮುಟ್ಟಿದ ಮಾತ್ರಕ್ಕೆ ಹಡಗಿನಿಂದ ಇಳಿಯಲಾಗದು. ಹೆಲಿಕಾಪ್ಟರ್ ಬರುವುದು ಹಡಗಿನಲ್ಲಿರುವವರ ಪ್ರಾಣಕ್ಕೇ ಕುತ್ತು ಬಂದಾಗ. ಉಳಿದಂತೆ ಮುಂದಿನ ಬಂದರಿಗೆ ಕಾಯಬೇಕು, ಅಲ್ಲಿ ವೀಸಾದ ಪ್ರಶ್ನೆ ಏಳುತ್ತದೆ. ಬಾರ್ಸಿಲೋನಾದಲ್ಲಿ ಹತ್ತಿ ಟುನೀಶಿಯಾಕ್ಕೆ ಹೋಗಿ ಯೂರೋಪಿಗೆ ಮರಳುವ ಹಡಗಿನಲ್ಲಿದ್ದ ಭಾರತೀಯರಿಗೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಸಾಲದು. ಆ ದೇಶದ ವೀಸಾ ಇಲ್ಲದಿದ್ದರೆ ಇಳಿಸಿಕೊಳ್ಳುವುದು ಬಿಡುವುದು ಅಲ್ಲಿನ ವಲಸೆ ಅಧಿಕಾರಿಗಳಿಗೆ ಸೇರಿದ್ದು. ಕಂಪನಿಯ ಬಂದರು ಏಜೆಂಟ್ ಇಂಥ ಹೊತ್ತಿನಲ್ಲಿ ನೆರವಾಗುವ ವ್ಯಕ್ತಿ.

ಪ್ರವಾಸಿಗರದ್ದು ವಾರದ ಮಾತು. ಹಡಗಿನ ಕೆಲಸಗಾರರದ್ದು ಆರರಿಂದ ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್. ಮಂಗಳೂರು, ಉಡುಪಿ, ಕಾರವಾರದ ಕಡೆ ‘ಶಿಪ್ಪಿನಲ್ಲಿದ್ದಾನೆ’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆ, ಊಟದ ಹಾಲ್, ಕೋಣೆ ಸ್ವಚ್ಛತೆ, ಬಾರ್‌ಗಳಲ್ಲಿ ದುಡಿಯುವ ಇವರ ಪಾಳಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹರಿದು ಹಂಚಿರುತ್ತದೆ. ಚಳಿಗಾಲದಲ್ಲಿ ಮಯಾಮಿಯ ಗಡಿಯಾರ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಬಿಡುವು ಸಿಕ್ಕಿ ಫೋನ್ ಮಾಡಿದರೆ ಇಲ್ಲಿ ಮರುದಿನ ಬೆಳಗಿನ ಆರೂವರೆ, ಮಕ್ಕಳು ಶಾಲೆಗೆ ಹೊರಡುವ ಗಡಿಬಿಡಿ. ಹಡಗು ಪಶ್ಚಿಮಕ್ಕೋ ಪೂರ್ವಕ್ಕೋ ಸಾಗಿದಂತೆ ಈ ಅಂತರವೂ ಬದಲಾಗುತ್ತದೆ. ಗಂಟೆಗೆ ಗಂಟೆ ಹೊಂದಿಸುವುದಕ್ಕಿಂತ ಧ್ವನಿ ಸಂದೇಶ ಕಳಿಸಿಟ್ಟು ಬಿಡುವಾದಾಗ ಕೇಳಿಕೊಳ್ಳುವ ಪದ್ಧತಿಗೆ ಈಗಿನ ಕುಟುಂಬಗಳು ಒಗ್ಗಿಕೊಂಡಿವೆ. ಬಂದರಿನಲ್ಲಿ ಸಿಕ್ಕ ಎರಡು ಗಂಟೆಯ ಬಿಡುವಿಗೆ ಅನೇಕರು ಓಡುವುದು ಮಿಷನ್ ಟು ಸೀಫೇರರ್ಸ್, ಸ್ಟೆಲ್ಲಾ ಮ್ಯಾರಿಸ್ ಮುಂತಾದ ಸಂಸ್ಥೆಗಳ ನಾವಿಕ ಕೇಂದ್ರಗಳಿಗೆ. ಅಲ್ಲಿ ಕೂರಲು ಜಾಗ, ವೈ-ಫೈ, ಸಿಮ್ ಕಾರ್ಡ್ ಸಿಗುತ್ತವೆ.

ಹಡಗಿನ ಸಂಪರ್ಕ ಜೀವನ್ಮರಣದ ಮಾತಾಗಿ ಜಗತ್ತಿಗೆ ಕಂಡಿದ್ದು 2020ರ ಫೆಬ್ರವರಿಯಲ್ಲಿ. ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ತಡೆದಾಗ ಅದರಲ್ಲಿದ್ದವರು 3,711 ಮಂದಿ. ಭಾರತೀಯರು 138, ಅವರಲ್ಲಿ 132 ಮಂದಿ ಸಿಬ್ಬಂದಿ. ಒಟ್ಟು 712 ಜನರಿಗೆ ಸೋಂಕು ತಗುಲಿತು. ಕೋಣೆಯಲ್ಲೇ ಕೂಡಿಹಾಕಲ್ಪಟ್ಟವರು ವೈದ್ಯರನ್ನು ಸಂಪರ್ಕಿಸಲೆಂದು ಜಪಾನ್ ಸರಕಾರ ಸುಮಾರು 2,000 ಐಫೋನ್‌ಗಳನ್ನು ಹಡಗಿಗೆ ಕಳಿಸಿತು. ಭಾರತೀಯ ಸಿಬ್ಬಂದಿ ಫೋನಿನಲ್ಲಿ ವೀಡಿಯೋ ಮಾಡಿ ತಮ್ಮನ್ನು ಕರೆಸಿಕೊಳ್ಳಿ ಎಂದು ಸರಕಾರವನ್ನು ಬೇಡಿಕೊಂಡರು, ಆ ವೀಡಿಯೋಗಳು ದೇಶವಿಡೀ ಹರಿದಾಡಿದವು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಮುಂದೆ ಎಷ್ಟೋ ತಿಂಗಳು ಜಗತ್ತಿನ ಬೇರೆಬೇರೆ ಕಡೆ ಸಾವಿರಾರು ಹಡಗು ಕೆಲಸಗಾರರು ಮನೆಗೆ ಮರಳಲಾಗದೆ ಉಳಿದರು, ಅವರಿಗೂ ಮನೆಯವರಿಗೂ ನಡುವೆ ಇದ್ದದ್ದು ಇಂಟರ್‌ನೆಟ್ಟೊಂದೇ.

ಆ ಅನುಭವದ ನೆರಳಿನಲ್ಲಿ ಕಾಯಿದೆಯೂ ಬದಲಾಯಿತು. ನಾವಿಕರ ಹಕ್ಕುಗಳ ಕುರಿತ 2006ರ ಸಾಗರ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂದಿತ್ತು, ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. 2022ರಲ್ಲಿ ಒಪ್ಪಿದ ತಿದ್ದುಪಡಿಗಳು 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಹಡಗಿನ ಮಾಲೀಕರು ಸಿಬ್ಬಂದಿಗೆ ಕೊಡುವ ಸೌಲಭ್ಯಗಳಲ್ಲಿ ಸಾಮಾಜಿಕ ಸಂಪರ್ಕವೂ ಸೇರುತ್ತದೆ. ಸಾಧ್ಯವಿರುವ ಮಟ್ಟಿಗೆ ಇಂಟರ್‌ನೆಟ್ ಒದಗಿಸಬೇಕು, ಶುಲ್ಕ ಹಾಕುವುದಾದರೆ ಅದು ನ್ಯಾಯವಾಗಿರಬೇಕು. ‘ಸಾಧ್ಯವಿರುವ ಮಟ್ಟಿಗೆ’ ಎಂಬ ಸಡಿಲ ಮಾತಿನಲ್ಲಿ ಜಾರಿಕೊಳ್ಳಲು ಜಾಗವಿದೆ ನಿಜ. ಆದರೂ ಮಾಲೀಕರ ಔದಾರ್ಯಕ್ಕೆ ಬಿಟ್ಟಿದ್ದ ವಿಷಯ ಕಾಗದದ ಮೇಲೆ ಬಂದದ್ದು ದೊಡ್ಡದೇ.

ಕೆಲಸಕ್ಕೆ ಹೋದವರಿಂದ ಬಹಳ ದಿನ ಸುದ್ದಿ ಇಲ್ಲದಿದ್ದರೆ ಮನೆಯವರು ಮೊದಲು ಕೇಳಬೇಕಾದದ್ದು ಅವರನ್ನು ಕಳಿಸಿದ ಏಜೆನ್ಸಿಯನ್ನು. ಭಾರತದಲ್ಲಿ ನಾವಿಕರನ್ನು ನೇಮಿಸುವ ಏಜೆನ್ಸಿಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಹಡಗಿನ ಕಂಪನಿಯನ್ನು ಸಂಪರ್ಕಿಸುವ ಹೊಣೆಯೂ ಅದರದೇ. ಏಜೆನ್ಸಿ ನುಣುಚಿಕೊಂಡರೆ ದೂರು ಹೋಗಬೇಕಾದದ್ದು ಮುಂಬೈಯಲ್ಲಿರುವ ಆ ನಿರ್ದೇಶನಾಲಯಕ್ಕೆ. ಪರವಾನಗಿಯಿಲ್ಲದ ದಲ್ಲಾಳಿಗೆ ದುಡ್ಡು ಕೊಟ್ಟು ಹೋದವರ ಮನೆಯವರಿಗೆ ಈ ದಾರಿ ಬಲು ಕಷ್ಟದ್ದಾಗುತ್ತದೆ. ಸೈನ್ ಆನ್ ಆಗುವ, ಅಂದರೆ ಹಡಗಿನ ಕೆಲಸಕ್ಕೆ ಸೇರುವ ಮೊದಲೇ ಏಜೆನ್ಸಿಯ ಪರವಾನಗಿ ಸಂಖ್ಯೆ, ಕಂಪನಿಯ ಹೆಸರು, ಹಡಗಿನ ಹೆಸರು, ಸಿಡಿಸಿ (ನಾವಿಕರ ಸೇವಾ ದಾಖಲೆ) ಪುಸ್ತಕದ ಸಂಖ್ಯೆ, ಕಾಂಟ್ರ್ಯಾಕ್ಟಿನ ಪ್ರತಿ ಇಷ್ಟನ್ನು ಮನೆಯಲ್ಲಿ ಬಿಟ್ಟುಹೋದರೆ ಮುಂದೆ ಹುಡುಕಾಡಬೇಕಾಗುವುದಿಲ್ಲ.